ಬರುವಾಗ ರಾಯರನ್ನೂ ಕರೆದುಕೊಂಡು ಬಾ

ಚಿ. ಪುಟ್ಟನಿಗೆ ಮಾವನ ಆಶೀರ್ವಾದಗಳು.

ಮೂರು ಅಂಗಡಿ ಇದ್ದ ಹಾಗೇ ಇನ್ನೂ ಐದು ತೆರೆಯಲು ಹೊರಟಿದ್ದೀಯಂತೆ. ಬೇಡ ಎಂದ ಲೆಕ್ಕದ ರಾಯರ ಜೊತೆ ಮಾತು ಬಿಟ್ಟಿದ್ದೀಯಂತೆ. ನಿನ್ನ ಅಮ್ಮ ಹೇಳಿದಾಗಿನಿಂದ ನನಗೆ ಫು ಜಿಯನ್ ನೆನಪಾಗುತ್ತಿದ್ದಾನೆ.

ಚೀನಾದಲ್ಲಿ 'ಹಿಂದಿನ ಚಿನ್' ಅಂತ ಒಂದು ರಾಜ್ಯವಿತ್ತು. ಕ್ರಿ.ಶ. 351ರಲ್ಲಿ ಹುಟ್ಟಿ 394ಕ್ಕೆ ಮುಗಿದುಹೋಯಿತು. ಅದರ ದೊರೆ ಫು ಜಿಯನ್ ಒಳ್ಳೆಯವನೇ. ಸೋತ ರಾಜವಂಶದವರಿಗೂ ಕೆಲಸ ಕೊಟ್ಟು ಹತ್ತಿರ ಇಟ್ಟುಕೊಂಡವನು. ವಾಂಗ್ ಮೆಂಗ್ ಎಂಬ ಮಂತ್ರಿ ಅವನ ಬಲಗೈ. ಮಂತ್ರಿ 375ರಲ್ಲಿ ಸಾಯುವಾಗ ಹೇಳಿದ್ದು ಇಷ್ಟು: ದಕ್ಷಿಣದ ಜಿನ್ ರಾಜ್ಯದ ತಂಟೆಗೆ ಹೋಗಬೇಡ, ನಿನ್ನ ಪಕ್ಕದಲ್ಲೇ ಇರುವ ಶಿಯನ್‌ಬೈ ಮತ್ತು ಚಿಯಾಂಗ್ ಜನರ ಮೇಲೆ ಕಣ್ಣಿಡು.

ಮರುವರ್ಷ ಉತ್ತರ ಚೀನಾ ಪೂರ್ತಿ ಕೈಗೆ ಬಂತು. ಆಮೇಲೆ ದಕ್ಷಿಣವೂ ಬೇಕಾಯಿತು. 382ರಲ್ಲಿ ಸಭೆ ಕರೆದ. ಹೆಚ್ಚಿನವರು ಬೇಡ ಎಂದರು. ಸ್ವಂತ ತಮ್ಮ ಫು ರೊಂಗ್ ಕಣ್ಣೀರಿಟ್ಟು ಬೇಡಿಕೊಂಡ. ಶಿಯನ್‌ಬೈ ರಾಜಮನೆತನದ ಮುರೋಂಗ್ ಚುಯಿ ಮಾತ್ರ, ಪ್ರಭುಗಳು ನಿರ್ಧರಿಸಿದರೆ ಸಾಕು, ಉಳಿದವರನ್ನು ಯಾಕೆ ಕೇಳಬೇಕು ಎಂದ. ದೊರೆಗೆ ಎಷ್ಟು ಖುಷಿಯಾಯಿತೆಂದರೆ, ಅವನಿಗೆ 500 ಥಾನು ರೇಷ್ಮೆ ಕೊಟ್ಟ!

383ರಲ್ಲಿ ಫೆಯ್ ನದಿಯ ದಡ. ನಾವು ದಾಟಿ ಬರುತ್ತೇವೆ, ಸ್ವಲ್ಪ ಹಿಂದೆ ಸರಿಯಿರಿ ಎಂದರು ಜಿನ್ ಕಡೆಯವರು. ಅರ್ಧ ನದಿಯಲ್ಲಿ ಇರುವಾಗಲೇ ಹೊಡೆಯಬಹುದು ಅಂತ ಫು ಜಿಯನ್ ಒಪ್ಪಿದ. ಸರಿಯುವ ಸೈನ್ಯಕ್ಕೆ ಯಾಕೆ ಸರಿಯುತ್ತಿದ್ದೇವೆ ಅಂತಲೇ ಗೊತ್ತಿಲ್ಲ. ಹಿಂದಿನಿಂದ ಒಬ್ಬ 'ಚಿನ್ ಸೋತಿತು' ಎಂದು ಕೂಗಿದ. ಅವನು ಹಿಂದೆ ಸೆರೆಸಿಕ್ಕಿ ಇವರ ಕೆಲಸಕ್ಕೆ ಸೇರಿದ್ದ ಜಿನ್ ಸೇನಾಪತಿ, ಝು ಶು. ಲಕ್ಷಗಟ್ಟಲೆ ಜನ ಓಟ ಕಿತ್ತರು. ತಡೆಯಲು ಹೋದ ಫು ರೊಂಗ್ ಕುದುರೆ ಬಿದ್ದು ಸತ್ತ. ಬೇಡ ಎಂದ ತಮ್ಮನೇ ಮೊದಲು ಹೋದ, ಪುಟ್ಟ. ನನಗೆ ಇದೇ ಜಾಸ್ತಿ ಸಂಕಟ. ಓಡುವವರಿಗೆ ಗಾಳಿಯ ಸದ್ದು, ಕೊಕ್ಕರೆಯ ಕೂಗು ಕೂಡ ಶತ್ರು ಬಂದಂತೆ ಕೇಳಿಸಿತಂತೆ.

ಮರುವರ್ಷ ಮುರೋಂಗ್ ಚುಯಿ ತನ್ನದೇ ರಾಜ್ಯ ಕಟ್ಟಿಕೊಂಡ. 385ರಲ್ಲಿ ಫು ಜಿಯನ್‌ನನ್ನು ಕೊಲ್ಲಿಸಿದವನು ಯಾವ್ ಚಾಂಗ್. ಅವನು ಚಿಯಾಂಗ್ ಜನರವನು. ವಾಂಗ್ ಮೆಂಗ್ ಹೇಳಿದ್ದು ಇವರನ್ನೇ ಅಲ್ವಾ?

ನಿನ್ನ ಹೊಸ ಪಾಲುದಾರರೂ 'ನಿಮಗೆ ಬೇರೆಯವರ ಮಾತು ಯಾಕೆ' ಎಂದರಂತೆ. ಅವರು ಕೆಟ್ಟವರು ಅಂತ ನಾನು ಹೇಳುತ್ತಿಲ್ಲ. ಅಂಗಡಿ ನಡೆಯದಿದ್ದರೆ ಅವರು ಎಷ್ಟು ಕಳೆದುಕೊಳ್ಳುತ್ತಾರೆ, ನೀನು ಎಷ್ಟು ಅಂತ ಒಂದು ಹಾಳೆಯಲ್ಲಿ ಬರೆದು ನೋಡು. ಭಾನುವಾರ ಊಟಕ್ಕೆ ಬಾ. ಬರುವಾಗ ರಾಯರನ್ನೂ ಕರೆದುಕೊಂಡು ಬಾ, ಹಾಳೆಯನ್ನೂ ತಾ.

ಇಂತಿ,
ನಿನ್ನ ಮಾವ