ಮಾಳಿಗೆ ಉಳಿಯಿತು, ಬಾಗಿಲು ಅಗಲವಾಯಿತು: ಎಲ್ಲರಿಗೂ ನಮ್ಮ ವಂದನೆ

ಪ್ರೀತಿಯ ಸಭೆಯವರಿಗೆ, ಬಳ್ಳಾರಿ ಕೌಲ್‌ಬಜಾರಿನ ನಮ್ಮ ನೆರೆಹೊರೆಯವರಿಗೆ, ದೂರದ ಊರುಗಳಲ್ಲಿದ್ದೂ ಕೈಬಿಡದ ನಮ್ಮವರಿಗೆ ವಂದನೆಗಳು.

ನಮ್ಮ ದೇವಾಲಯದ, ಅಂದರೆ ನಮ್ಮ ಚರ್ಚಿನ, ದುರಸ್ತಿ ಮುಗಿಯಿತು. ಹೋದ ಭಾನುವಾರ ಪ್ರತಿಷ್ಠೆಯ ಆರಾಧನೆಯೂ ಆಯಿತು. ಅವತ್ತು ಎಲ್ಲರಿಗೂ ಥ್ಯಾಂಕ್ಸ್ ಹೇಳಲು ಸಿಕ್ಕಿದ್ದು ಸ್ವಲ್ಪವೇ ಹೊತ್ತು. ಬಿಸಿಲು ಏರುತ್ತಿತ್ತು, ಹಿರಿಯರು ಊಟಕ್ಕೆ ಕಾದಿದ್ದರು. ಆದರೆ ಇದು ಗಡಿಬಿಡಿಯಲ್ಲಿ ಹೇಳಿ ಮುಗಿಸುವ ಮಾತಲ್ಲ. ಯಾರು ಏನು ಮಾಡಿದರು ಅಂತ ಬಿಡಿಸಿ ಹೇಳಬೇಕು. ಸಭಾ ಸಮಿತಿಯ ಕಾರ್ಯದರ್ಶಿಯಾಗಿ ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹೆಸರು ಹಾಕಬೇಡಿ ಅಂತ ಸುಮಾರು ಜನ ಕೇಳಿಕೊಂಡಿದ್ದಾರೆ. ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ. ಓದುವಾಗ ಅವರವರಿಗೆ ಗೊತ್ತಾಗುತ್ತದೆ.

ಹೊರಗಿನವರಿಗಾಗಿ ಒಂದು ಮಾತು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದದ್ದು 1810ರಲ್ಲಿ. ಅವರು ಇಲ್ಲೇ ಇದ್ದು ಕನ್ನಡ ಕಲಿತರು, ಬೈಬಲ್ಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೂತರು. 1831ರ ಹೊತ್ತಿಗೆ ಪೂರ್ತಿ ಬೈಬಲ್ ಕನ್ನಡದಲ್ಲಿ ಬಂದಿತ್ತು. ನಮ್ಮ ಕಟ್ಟಡ ಅಷ್ಟು ಹಳೆಯದಲ್ಲ, ದೊಡ್ಡದೂ ಅಲ್ಲ. ಆದರೆ ಕಟ್ಟಿದ್ದು ಹಳೇ ಪದ್ಧತಿಯಲ್ಲೇ. ದಪ್ಪ ಕಲ್ಲಿನ ಗೋಡೆ, ಸುಣ್ಣದ ಗಚ್ಚು, ಮೇಲೆ ಮದ್ರಾಸ್ ತಾರಸಿ. ತೇಗದ ಜಂತಿಗಳ ಮೇಲೆ ತೆಳು ಇಟ್ಟಿಗೆಗಳನ್ನು ಓರೆಯಾಗಿ ನಿಲ್ಲಿಸಿ, ಗಚ್ಚಿನಲ್ಲಿ ಕೂರಿಸಿ, ಅದರ ಮೇಲೆ ಇಟ್ಟಿಗೆ ಚೂರು ಸುಣ್ಣ ಸೇರಿಸಿ ಬಡಿದು ಮಾಡುವ ಮಾಳಿಗೆ ಅದು. ನಮ್ಮ ಅಜ್ಜ ಅಜ್ಜಿಯರ ಮದುವೆ ಅದೇ ಮಾಳಿಗೆಯ ಕೆಳಗೆ ಆಗಿತ್ತು.

ಆ ಮಾಳಿಗೆ ಸೋರಲು ಶುರುವಾಗಿ ಬಹಳ ವರ್ಷ ಆಗಿತ್ತು. ಸೋರಿದಾಗೆಲ್ಲ ಮೇಲೆ ಒಂದು ಪದರ ಸಿಮೆಂಟ್ ಬಳಿಸುತ್ತಾ ಬಂದರು. ಒಳಗೋಡೆಗೂ ಸಿಮೆಂಟ್ ಗಿಲಾವು ಹೊಡೆಸಿದ್ದರು. ಆಗಿನವರು ಒಳ್ಳೆಯದಾಗಲಿ ಅಂತಲೇ ಮಾಡಿದ್ದು. ಆದರೆ ಸುಣ್ಣದ ಗೋಡೆ ನೆಲದಿಂದ ಎಳೆದುಕೊಂಡ ತೇವವನ್ನು ಹೊರಗೆ ಬಿಡುತ್ತಿರಬೇಕು. ಮೇಲೆ ಸಿಮೆಂಟ್ ಬಿದ್ದರೆ ಆ ತೇವ ಒಳಗೇ ಉಳಿಯುತ್ತದೆ. ಉಪ್ಪು ಮೇಲೆದ್ದು ಬಣ್ಣ ಉದುರುತ್ತದೆ. ಗೋಡೆಯೊಳಗೆ ಸೇರಿದ ಜಂತಿಯ ತುದಿಗಳು ಕೊಳೆಯುತ್ತವೆ, ಗೆದ್ದಲು ಹತ್ತುತ್ತದೆ. ನಮ್ಮಲ್ಲಿ ಇಷ್ಟೂ ಆಗಿತ್ತು. ಹಾಡುವವರು ಕೂರುವ ಬೆಂಚಿನ ಮೇಲೆ ಗಿಲಾವಿನ ಚಕ್ಕೆ ಬಿದ್ದ ಮೇಲೆ ಆ ಕಡೆ ಹಗ್ಗ ಕಟ್ಟಿ ಆರಾಧನೆ ನಡೆಸಿದೆವು.

ಕೆಡವಿ ಆರ್‌ಸಿಸಿ ಹಾಕೋಣ, ಮುಂದೆ ಗಾಜು, ಎತ್ತರದ ಗೋಪುರ ಕಟ್ಟೋಣ ಅನ್ನುವವರು ಸಭೆಯಲ್ಲಿ ಇದ್ದರು. ಅವರ ಆಸೆ ತಪ್ಪಲ್ಲ. ನಮ್ಮ ದೇವಾಲಯವೂ ಚೆಂದ ಕಾಣಲಿ ಅಂತ ಯಾರಿಗೆ ಇರುವುದಿಲ್ಲ? ಆ ಮೀಟಿಂಗುಗಳು ರಾತ್ರಿ ತನಕ ನಡೆದವು. ಕೊನೆಗೆ ಒಬ್ಬ ಹಿರಿಯರು ಎದ್ದು, "ವೀಲ್‌ಚೇರಿನವಳು ನನ್ನ ತಂಗಿ. ಅವಳು ಒಳಗೆ ಬಂದು ಎಷ್ಟು ವರ್ಷ ಆಯ್ತು, ಯಾರಿಗಾದರೂ ನೆನಪಿದೆಯಾ?" ಎಂದರು. ಮಾತು ಅಲ್ಲಿಂದ ತಿರುಗಿತು. ಗೋಪುರದ ದುಡ್ಡು ಇಳಿಜಾರು ದಾರಿಗೆ, ಶೌಚಾಲಯಕ್ಕೆ, ಪಕ್ಕದ ಕೋಣೆಗೆ ಹೋಗಲಿ ಎಂದು ತೀರ್ಮಾನವಾಯಿತು. ಗೋಪುರ ಬೇಕು ಅಂದಿದ್ದವರೇ ಮೊದಲು ಕೈ ಎತ್ತಿದರು. ಅವರಿಗೆ ನನ್ನ ಮೊದಲ ವಂದನೆ. ತಮ್ಮ ಮಾತು ಬಿಟ್ಟುಕೊಟ್ಟ ಮೇಲೂ ಅವರು ಕೆಲಸಕ್ಕೆ ಬೆನ್ನು ತೋರಿಸಲಿಲ್ಲ. ಕಾಣಿಕೆ ಕೊಟ್ಟವರಲ್ಲೂ ಅವರೇ ಮುಂದೆ.

ಊರಿನ ಎಂಜಿನಿಯರ್ ಒಬ್ಬರು ಒಂದು ಪೈಸೆ ಮುಟ್ಟದೆ ಬಂದು ಪ್ರತಿ ಜಂತಿಯನ್ನೂ ಸುತ್ತಿಗೆಯಿಂದ ತಟ್ಟಿ ನೋಡಿದರು. ಟಣ್ ಅಂದರೆ ಗಟ್ಟಿ, ದಪ್ ಅಂದರೆ ಟೊಳ್ಳು. ಟೊಳ್ಳಾದವಕ್ಕೆ ಸೀಮೆಸುಣ್ಣದ ಗುರುತು ಹಾಕುತ್ತಾ ಹೋದರು. ಕೆಟ್ಟಿದ್ದು ಹೆಚ್ಚಾಗಿ ತುದಿಗಳು ಮಾತ್ರ, ನಡುವೆ ಮರ ಗಟ್ಟಿಯಾಗಿತ್ತು. ತುದಿ ಕತ್ತರಿಸಿ ಹೊಸ ತೇಗ ಜೋಡಿಸಿದರೆ ಸಾಕು, ಕೆಡವಬೇಕಿಲ್ಲ ಎಂದರು. ಆ ಜೋಡಣೆಗಳನ್ನು ಮಾಡಿದ ಬಡಿಗೇರ ಅಣ್ಣನ ಕೈಗೆ ನಮಸ್ಕಾರ. ಕೆಳಗೆ ನಿಂತು ನೋಡಿದರೆ ಹಳೇ ಮರ ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಗೊತ್ತಾಗುವುದಿಲ್ಲ.

ಗಚ್ಚಿನ ಕೆಲಸ ಬಲ್ಲವರು ಸಿಗುವುದೇ ಕಷ್ಟವಾಗಿತ್ತು. ಮೊದಲು ಒಪ್ಪಿಕೊಂಡ ಕಂಟ್ರಾಕ್ಟರ್ ಒಬ್ಬರು ಸುಣ್ಣ ಅಂದ ಕೂಡಲೇ ಹಿಂದೆ ಸರಿದರು. ಆಮೇಲೆ ಸಿಕ್ಕವರು ಕಮಲಾಪುರದ ಕಡೆಯ ಮೇಸ್ತ್ರಿ ಅಜ್ಜ. ಹಂಪಿಯಲ್ಲಿ ಪುರಾತತ್ವ ಇಲಾಖೆಯ ದುರಸ್ತಿ ಕೆಲಸ ಮಾಡಿ ಗಚ್ಚು ಕಲಿತವರು. ಅವರು ಬಂದ ಮೇಲೆ ನಮ್ಮ ಕಾಂಪೌಂಡೇ ಶಾಲೆಯಾಯಿತು. ಗುಂಡಿ ತೋಡಿಸಿ ಸುಣ್ಣ ಅರಳಿಸಿ, ನೀರಿನಲ್ಲೇ ವಾರಗಟ್ಟಲೆ ಬಿಟ್ಟರು. ಡ್ರಮ್ಮಿನಲ್ಲಿ ಬೆಲ್ಲ, ಜಜ್ಜಿದ ಅಳಲೆಕಾಯಿ ನೆನೆಹಾಕಿದರು. ಅದು ಹುಳಿಬಂದು ಗಲ್ಲಿ ತುಂಬಾ ವಾಸನೆ. ಜರಡಿ ಹಿಡಿದ ಮರಳು, ಇಟ್ಟಿಗೆ ಪುಡಿ, ಸುಣ್ಣ ಎಲ್ಲ ಕಲೆಸಿದ ಮೇಲೆ ಅಜ್ಜ ಒಂದು ಮುದ್ದೆಯನ್ನು ಥಾಪಿಯಲ್ಲಿ ಎತ್ತಿ, ಥಾಪಿಯನ್ನು ತಲೆಕೆಳಗು ಮಾಡಿ ಹಿಡಿಯುತ್ತಿದ್ದರು. ಬಿದ್ದರೆ ಇನ್ನೂ ಕಲೆಸಿ ಅನ್ನುತ್ತಿದ್ದರು. ಬೀಳದೆ ನಿಂತರೆ ಮಾತೇ ಇಲ್ಲ, ಗೋಡೆ ಕಡೆ ನಡೆಯುತ್ತಿದ್ದರು. ನಮ್ಮ ಯುವಜನ ಕೂಟದ ಇಬ್ಬರು ಹುಡುಗರು ಅವರ ಕೈಕೆಳಗೆ ಕೆಲಸ ಕಲಿತು, ಈಗ ಅವರ ಜೊತೆ ಬೇರೆ ಊರಿಗೆ ಗಚ್ಚಿನ ಕೆಲಸಕ್ಕೆ ಹೋಗಿದ್ದಾರೆ. ನಮಗೆ ಇದು ಕೇಳದೆ ಸಿಕ್ಕ ವರ.

ಬಳ್ಳಾರಿ ಬೇಸಿಗೆ ನಿಮಗೆ ಗೊತ್ತಲ್ವಾ. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಸುಣ್ಣದ ಗಿಲಾವು ಬೇಗ ಒಣಗಿ ಬಿರುಕು ಬಿಡುತ್ತದೆ. ಅದಕ್ಕೆ ಗೋಡೆಗೆಲ್ಲ ಗೋಣಿ ತಟ್ಟು ಕಟ್ಟಿ ಹಗಲೂ ರಾತ್ರಿ ನೀರು ಚಿಮುಕಿಸಬೇಕಾಯಿತು. ನಮ್ಮ ನಳದಲ್ಲಿ ಕುಡಿಯಲಿಕ್ಕೇ ನೀರು ಸಾಲದು. ಎದುರು ಸಾಲಿನ ಮನೆಯವರು ತಮ್ಮ ಬೋರಿನಿಂದ ಪೈಪ್ ಎಳೆದು ಕೊಟ್ಟರು. ಕರೆಂಟ್ ಬಿಲ್ ಕೊಡಲು ಹೋದರೆ, "ದೇವರ ಮನೆ ಗೋಡೆ, ಅದಕ್ಕೇನು ಬಿಲ್ಲು" ಅಂದು ಕಳಿಸಿದರು. ರಾತ್ರಿ ಪಾಳಿಯಲ್ಲಿ ನೀರು ಹಾಕಿದ್ದು ನಮ್ಮ ಸ್ತ್ರೀಯರ ಕೂಟದವರು ಮತ್ತು ಕಾಲೇಜು ಹುಡುಗರು. ಬೆಳಗ್ಗೆ ಕೆಲಸದವರಿಗೆ ಒಗ್ಗರಣೆ ಮಿರ್ಚಿ, ಚಹಾ ಮಾಡಿ ತಂದವರೂ ಆ ಅಕ್ಕಂದಿರೇ. ರಾತ್ರಿ ನಿದ್ದೆಗೆಟ್ಟವರು ಬೆಳಗ್ಗೆ ಒಲೆ ಮುಂದೆ!

ಮಾಳಿಗೆ ಬಿಚ್ಚಿದ್ದಾಗ ಬಂದ ಮಳೆ ಬಗ್ಗೆ ಹೇಳಲೇಬೇಕು. ಮೇಲಿನ ಸಿಮೆಂಟ್ ಪದರ ಪೂರ್ತಿ ತೆಗೆದಿದ್ದೆವು. ಸಂಜೆ ಹೊತ್ತಿಗೆ ಗಾಳಿ, ಗುಡುಗು, ಬೇಸಿಗೆಯ ಅಡ್ಡಮಳೆ. ನಮ್ಮ ಹತ್ತಿರ ಇದ್ದದ್ದು ಎರಡು ಹರಿದ ತಾಡಪತ್ರಿ. ಯಾರೋ ಫೋನ್ ಮಾಡಿದರು, ಮೆಣಸಿನಕಾಯಿ ವ್ಯಾಪಾರಿಯೊಬ್ಬರು ಗೋದಾಮಿನ ತಾಡಪತ್ರಿಗಳನ್ನು ಟೆಂಪೋದಲ್ಲಿ ತುಂಬಿ ಕಳಿಸಿದರು. ಜೊತೆಗೆ ಹಮಾಲರೂ ಬಂದರು. ಗಲ್ಲಿಯ ಹುಡುಗರು ಏಣಿ ಹತ್ತಿದರು. ಯಾರು ಯಾವ ಮನೆಯವರು, ಯಾವ ಜಾತಿ, ಯಾವ ಮತ ಅಂತ ಆ ಕತ್ತಲಲ್ಲಿ ಯಾರು ಕೇಳುತ್ತಾರೆ? ಹಗ್ಗ ಹಿಡಿ, ಕಲ್ಲು ಕೊಡು, ಆ ಮೂಲೆ ಎಳಿ, ಇಷ್ಟೇ ಮಾತು. ಇಟ್ಟಿಗೆ ಒಂದೂ ಕದಲಲಿಲ್ಲ. ಮರುದಿನ ಬಿಸಿಲಿಗೆ ತಾಡಪತ್ರಿ ಬಿಡಿಸಿದಾಗ ಅದರಲ್ಲಿದ್ದ ಮೆಣಸಿನ ಘಾಟಿಗೆ ಗೌಂಡಿಗಳೆಲ್ಲ ಸೀನಿ ಸೀನಿ ಕೆಲಸ ಮಾಡಿದರು.

ಅದೇ ರಾತ್ರಿ ಪಕ್ಕದ ಮನೆಯ ಖಾಲಾ ನಮ್ಮ ದೀಕ್ಷಾಸ್ನಾನದ, ಮದುವೆಯ ಹಳೇ ರಿಜಿಸ್ಟರುಗಳ ಪೆಟ್ಟಿಗೆಯನ್ನು ತಮ್ಮ ಮನೆಯ ಅಟ್ಟದಲ್ಲಿ ಇಡಿಸಿಕೊಂಡರು. ಕೆಲಸ ಮುಗಿಯುವವರೆಗೂ ಅದು ಅಲ್ಲೇ ಇತ್ತು. ವಾಪಸ್ ತರುವಾಗ ನೋಡಿದರೆ, ಗೆದ್ದಲು ಬರಬಾರದು ಅಂತ ಒಳಗೆ ಬೇವಿನ ಎಲೆ ಹಾಕಿ, ಮೇಲೆ ಹೊಸ ಬಟ್ಟೆ ಸುತ್ತಿದ್ದರು. ಖಾಲಾ, ನಮ್ಮ ಮೂರು ತಲೆಮಾರಿನ ಹೆಸರುಗಳು ನಿಮ್ಮ ಮನೆಯಲ್ಲಿ ಜೋಪಾನವಾಗಿದ್ದವು. ಈ ಋಣ ದೊಡ್ಡದು.

ಕೆಲಸ ನಡೆದಷ್ಟು ದಿನ ಭಾನುವಾರದ ಆರಾಧನೆ ಎಲ್ಲಿ ಮಾಡುವುದು? ಈ ಪ್ರಶ್ನೆಗೆ ಉತ್ತರ ಕೊಟ್ಟವರು ಒಬ್ಬ ಜೀನ್ಸ್ ಯೂನಿಟ್ ಮಾಲೀಕರು. ನಮ್ಮ ಸಭೆಯಲ್ಲಿ ಅರ್ಧದಷ್ಟು ಜನರ ಅನ್ನ ಜೀನ್ಸಿನಿಂದಲೇ ಬರುತ್ತದೆ. ಹೊಲಿಯುವವರು, ಗುಂಡಿ ಹಾಕುವವರು, ಮನೆಯಲ್ಲಿ ಕೂತು ದಾರ ಕತ್ತರಿಸುವ ಅಕ್ಕ ಅಮ್ಮಂದಿರು. ಆ ಮಾಲೀಕರು ನಮ್ಮ ಸಭೆಯವರಲ್ಲ. ಆದರೂ ಬಾಡಿಗೆ ಮಾತೇ ಎತ್ತದೆ ಶೆಡ್ಡಿನ ಕೀಲಿ ಕೊಟ್ಟರು. ಶನಿವಾರ ರಾತ್ರಿ ಮಷಿನುಗಳನ್ನು ಗೋಡೆಗೆ ಸರಿಸಿ, ಗುಡಿಸಿಸಿ ಹೋಗುತ್ತಿದ್ದರು. ಉದ್ದದ ಕಟಿಂಗ್ ಟೇಬಲ್ಲಿಗೆ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕರ್ತನ ಭೋಜನದ ರೊಟ್ಟಿ, ಪಾತ್ರೆ ಇಟ್ಟೆವು. ವಾರವಿಡೀ ತಾನು ಬಟ್ಟೆ ಕತ್ತರಿಸುವ ಟೇಬಲ್ ಮುಂದೆ ಮೊಣಕಾಲೂರಿದ ಒಬ್ಬ ತಮ್ಮ ಅವತ್ತು ಅತ್ತಿದ್ದನ್ನು ನಾನು ನೋಡಿದ್ದೇನೆ. ನಮ್ಮ ಸಭಾಪಾಲಕ ಅಯ್ಯನವರು ಆ ದಿನ ಪ್ರಸಂಗ ಬಹಳ ಮಾಡಲಿಲ್ಲ, ಹಾಡನ್ನೇ ಜಾಸ್ತಿ ಹಾಡಿಸಿದರು.

ದುಡ್ಡಿನ ವಿಷಯ. ಲೆಕ್ಕಪತ್ರ ಪೂರ್ತಿಯಾಗಿ ನೋಟೀಸ್ ಬೋರ್ಡಿನಲ್ಲಿದೆ, ಇಲ್ಲಿ ಬರೆಯುವುದಿಲ್ಲ. ಬೆಂಗಳೂರಿನಿಂದ, ಗಲ್ಫಿನಿಂದ ಕಳಿಸಿದವರಿಗೆ, ಸಾಮಾನು ಸಾಲ ಕೊಟ್ಟು ಒಂದು ದಿನವೂ ಬಾಗಿಲಿಗೆ ಬರದ ಅಂಗಡಿಯವರಿಗೆ ತುಂಬಾ ವಂದನೆ. ಆದರೆ ನನ್ನ ಕಣ್ಣ ಮುಂದೆ ಇರುವುದು ಹಿಡಿ ಅಕ್ಕಿ ತಂದವರು. ಅಡುಗೆಗೆ ಅಕ್ಕಿ ಅಳೆಯುವಾಗ ಒಂದು ಹಿಡಿ ತೆಗೆದಿಟ್ಟು ತರುವ ನಮ್ಮ ಹಳೇ ಪದ್ಧತಿ ಎಲ್ಲರಿಗೂ ಗೊತ್ತು. ಈ ಸಲ ಕೆಲವರು ಜೋಳವನ್ನೂ ತಂದರು. ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದೇ ಕುಂಬಳಕಾಯಿಯನ್ನು ಕೊಂಡವರೆಲ್ಲ ಮತ್ತೆ ಹರಾಜಿಗೇ ವಾಪಸ್ ಇಟ್ಟರು. ಕೊನೆಗೆ ಅದರಿಂದ ಬಂದ ದುಡ್ಡಿನಲ್ಲಿ ಒಂದು ಕಿಟಕಿಯೇ ಆಯಿತು! ಪೂರ್ವದ ಗೋಡೆಯ ಎರಡನೇ ಕಿಟಕಿಯನ್ನು ಸಂಡೇ ಸ್ಕೂಲಿನ ಮಕ್ಕಳು ಈಗ ಕುಂಬಳಕಾಯಿ ಕಿಟಕಿ ಅಂತಲೇ ಕರೆಯುತ್ತಾರೆ.

ಈಗ ಬಂದರೆ ಏನು ಕಾಣುತ್ತದೆ? ಗೋಡೆಗಳು ಬಿಳಿ, ಮುಟ್ಟಿದರೆ ತಂಪು. ಮೇಲಿನ ಗಾಳಿಕಿಂಡಿಗಳಿಗೆ ಹಿಂದೆ ಪ್ಲೈವುಡ್ ಹೊಡೆದಿದ್ದರು, ಅದನ್ನು ತೆಗೆಸಿದ್ದೇವೆ. ಬಿಸಿ ಗಾಳಿ ಅಲ್ಲಿಂದ ಹೊರಗೆ ಹೋಗುತ್ತದೆ, ಫ್ಯಾನಿನ ಕೆಳಗೆ ಕೂತವರಿಗೆ ಗೊತ್ತಾಗುತ್ತದೆ. ಮೆಟ್ಟಿಲ ಪಕ್ಕ ಇಳಿಜಾರು ದಾರಿ ಇದೆ. 1 ಅಡಿ ಎತ್ತರಕ್ಕೆ 12 ಅಡಿ ಉದ್ದ ಬೇಕು ಅಂತ ಎಂಜಿನಿಯರ್ ಹಟ ಹಿಡಿದರು. ಜಾಗ ಸಾಲದೆ ಅದನ್ನು ಒಂದು ತಿರುವು ಕೊಟ್ಟು ಕಟ್ಟಿದ್ದೇವೆ. ಪಕ್ಕದ ಬಾಗಿಲು ಅಗಲ ಮಾಡಿಸಿದ್ದೇವೆ. ಶೌಚಾಲಯದಲ್ಲಿ ವೀಲ್‌ಚೇರ್ ತಿರುಗಲು 5 ಅಡಿ ಜಾಗ ಇದೆ, ಗೋಡೆಗೆ ಹಿಡಿ ಇದೆ. ಪ್ರತಿಷ್ಠೆಯ ದಿನ ಆ ದಾರಿಯಲ್ಲಿ ಮೊದಲು ಒಳಗೆ ಬಂದವರು ಯಾರು ಅಂತ ಹೇಳಬೇಕಿಲ್ಲ. ಅವರನ್ನು ಯಾರೂ ತಳ್ಳಲಿಲ್ಲ. ತಾವೇ ಚಕ್ರ ತಿರುಗಿಸಿಕೊಂಡು ಬಂದರು.

ನನ್ನನ್ನು ಕೇಳಿದರೆ ಈ ಇಡೀ ಕೆಲಸದಲ್ಲಿ ದೊಡ್ಡದು ಪಕ್ಕದ ಕೋಣೆ. ನಮ್ಮ ಗಲ್ಲಿಗಳ ಮನೆ ಎಂದರೆ ಒಂದು ಕೋಣೆ, ಅದರ ತುಂಬಾ ಜೀನ್ಸಿನ ಗಂಟು. ಮಕ್ಕಳು ಎಲ್ಲಿ ಕೂತು ಓದಬೇಕು? ಈಗ ಸಂಜೆ ಐದೂವರೆಯಿಂದ ರಾತ್ರಿ ಎಂಟೂವರೆವರೆಗೆ ಕೋಣೆ ತೆರೆದಿರುತ್ತದೆ. ರಿಟೈರ್ ಆದ ಇಬ್ಬರು ಟೀಚರಮ್ಮಂದಿರು ಗಣಿತ, ಇಂಗ್ಲಿಷ್ ಹೇಳಿಕೊಡುತ್ತಿದ್ದಾರೆ. ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಬೇರೆ ಮೂಲೆ. ತಿಂಗಳಿಗೊಮ್ಮೆ ನಮ್ಮ ಸಭೆಯ ನರ್ಸ್ ಅಕ್ಕ ಬಿಪಿ, ಶುಗರ್ ನೋಡುತ್ತಾರೆ. ಹೊರಗಿನ ಕಟ್ಟೆಯ ಮೇಲೆ ಬೇಸಿಗೆಯಲ್ಲಿ ಕುಡಿಯುವ ನೀರು ಇಡುತ್ತೇವೆ.

ಹಿಂದಿನ ಗೋಡೆಗೆ ಹೊರಗಡೆ ಸುಣ್ಣ ಹೊಡೆಯುವುದು ಇನ್ನೂ ಬಾಕಿ ಇದೆ. ಮಳೆಗಾಲ ಕಳೆದ ಮೇಲೆ ಮೇಸ್ತ್ರಿ ಅಜ್ಜ ಬರುತ್ತೇನೆ ಅಂದಿದ್ದಾರೆ. ನೀರು ಹಾಕಲು ಕೈಗಳು ಬೇಕು, ಹೆಸರು ಕೊಡುವವರು ಯುವಜನ ಕೂಟದವರಿಗೆ ತಿಳಿಸಿ.

ಪಕ್ಕದ ಕೋಣೆ ನಮ್ಮ ಸಭೆಯವರಿಗೆ ಮಾತ್ರ ಅಲ್ಲ. ಸೀಮಂತ, ನಾಮಕರಣ, ಸಂಘದ ಮೀಟಿಂಗ್, ಯಾವುದಕ್ಕಾದರೂ ಬೇಕಾದರೆ ನಮ್ಮ ಸಮಿತಿಯಲ್ಲಿ ಯಾರನ್ನಾದರೂ ಕೇಳಿ. ಮಕ್ಕಳು ಓದುವ ಹೊತ್ತು ಬಿಟ್ಟು ಉಳಿದ ಹೊತ್ತಿನಲ್ಲಿ ಸಿಗುತ್ತದೆ. ಬಾಡಿಗೆ ಇಲ್ಲ. ಕುರ್ಚಿಗಳನ್ನು ಗೋಡೆಗೆ ಜೋಡಿಸಿ, ಗುಡಿಸಿ, ಕೀಲಿಯನ್ನು ಖಾಲಾ ಮನೆಯಲ್ಲಿ ಕೊಟ್ಟು ಹೋಗಿ.