ಬ್ಯಾಗ್ ಕೊಟ್ಟಾಯ್ತು, ನಾಲ್ಕು ವರ್ಷ ಕೊಡ್ತೀರಾ?

ಸಂಪಾದಕರಿಗೆ ನಮಸ್ಕಾರ.

ಜೂನ್ ಬಂತೆಂದರೆ ದಾವಣಗೆರೆಯ ಸರ್ಕಾರಿ ಶಾಲೆಗಳಲ್ಲಿ ಬ್ಯಾಗ್, ನೋಟ್‌ಬುಕ್ ಹಂಚುವ ಕಾರ್ಯಕ್ರಮ ಶುರು. ಹಂಚುವವರ ಮೇಲೆ ನನಗೇನೂ ಸಿಟ್ಟಿಲ್ಲ. ಹಮಾಲಿ ಮಾಡುವ ಅಪ್ಪನಿಗೆ ನೋಟ್‌ಬುಕ್ಕಿನ ಖರ್ಚು ಉಳಿದರೂ ದೊಡ್ಡದೇ. ಆದರೆ ಬ್ಯಾನರ್ ಮುಂದೆ ಸಾಲಾಗಿ ನಿಂತು ಫೋಟೊ ತೆಗೆಸಿಕೊಂಡವರು ಮತ್ತೆ ಆ ಶಾಲೆಯ ಗೇಟು ನೋಡೋದು ಮುಂದಿನ ಜೂನ್‌ನಲ್ಲೇ. ಅಲ್ಲಿನ ಒಂದು ಮಗುವಿನ ಹೆಸರಾದರೂ ಅವರಿಗೆ ನೆನಪಿರುತ್ತಾ?

ನಮ್ಮೂರಿನಲ್ಲಿ ಓದಿಕೊಂಡು, ನೌಕರಿ ಮುಗಿಸಿ, ಬೆಳಗ್ಗೆ ವಾಕಿಂಗ್ ಆದ ಮೇಲೆ ಏನು ಮಾಡೋದು ಅಂತ ಕೂತಿರುವವರು ಬೇಕಾದಷ್ಟು ಜನ ಇದ್ದಾರೆ. ನಾನೂ ಅವರಲ್ಲಿ ಒಬ್ಬ. ನಾವು ಒಬ್ಬೊಬ್ಬರು ಒಂದೊಂದು ಮಗುವಿಗೆ ವಾರಕ್ಕೊಂದು ಗಂಟೆ ಕೊಡೋಣ, ಆ ಮಗು ಎಸ್ಸೆಸ್ಸೆಲ್ಸಿ ಮುಗಿಸುವವರೆಗೂ ಬಿಡದೆ ಕೊಡೋಣ ಅನ್ನುವುದು ನನ್ನ ಮಾತು. ಇದು ಟ್ಯೂಷನ್ ಅಲ್ಲ. ಟ್ಯೂಷನ್ ಹೇಳುವವರು ಬೇರೆ ಸಿಗುತ್ತಾರೆ.

ನಾನು ಜತೆಯಾದ ಹುಡುಗ ಆಗ ಏಳನೇ ಕ್ಲಾಸು. ಅಪ್ಪ ಎಪಿಎಂಸಿಯಲ್ಲಿ ಮೂಟೆ ಹೊರುತ್ತಾರೆ, ಅಮ್ಮ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ. ಪರಿಚಯ ಮಾಡಿಸಿದ್ದು ಆ ಶಾಲೆಯ ಹೆಡ್‌ಮಾಸ್ಟರು. ಮೊದಮೊದಲು ಅವನು ಬಾಯೇ ಬಿಡುತ್ತಿರಲಿಲ್ಲ. ಕೇಳಿದ್ದಕ್ಕೆಲ್ಲ 'ಹ್ಞೂಂ ಸಾರ್' ಅಷ್ಟೇ. ಅವರಮ್ಮನಿಗಂತೂ ಅನುಮಾನ, ದುಡ್ಡು ತಗೊಳ್ಳದೆ ಯಾರಾದರೂ ಸುಮ್ನೆ ಮಾತಾಡಿಸೋಕೆ ಬರ್ತಾರಾ ಅಂತ. ಅವರ ಅನುಮಾನ ಸರಿಯಾದದ್ದೇ, ಯಾವ ತಾಯಿಯಾದರೂ ಹಾಗೇ ಕೇಳಬೇಕು. ಕ್ರಿಕೆಟ್ ಮಾತಾಡಿದೆವು, ಭದ್ರಾ ಕಾಲುವೆಗೆ ನೀರು ಬಿಟ್ಟಿದ್ದು ಮಾತಾಡಿದೆವು, ಎಷ್ಟೋ ವಾರ ಇಬ್ಬರೂ ಸುಮ್ಮನೆ ಪೇಪರ್ ಓದಿಕೊಂಡು ಕೂತು ಎದ್ದು ಬಂದಿದ್ದೂ ಇದೆ. ಪರೀಕ್ಷೆ ಹೇಗಾಯ್ತು ಅಂದರೆ ಯಾವಾಗಲೂ 'ಚೆನ್ನಾಗಾಯ್ತು'. ಒಂಬತ್ತನೇ ಕ್ಲಾಸಿನಲ್ಲಿ ಒಂದು ದಿನ, ನಾನು ಕೇಳದೇ ಇದ್ದರೂ, ಗಣಿತದಲ್ಲಿ ತೀರಾ ಕಡಿಮೆ ಬಂದಿದ್ದ ಪೇಪರನ್ನು ಬ್ಯಾಗಿನಿಂದ ತೆಗೆದು ಮುಂದಿಟ್ಟ. ನನ್ನ ಕೆಲಸ ಶುರುವಾಗಿದ್ದು ಆವತ್ತು. ಅಲ್ಲಿಯವರೆಗಿನದ್ದೆಲ್ಲ ಆ ಪೇಪರ್ ಹೊರಗೆ ಬರೋದಕ್ಕೆ ಹಿಡಿದ ಕಾಲ.

ಇದನ್ನು ಮೂರು ತಿಂಗಳ ಅಭಿಯಾನದಲ್ಲಿ ಮಾಡೋಕಾಗಲ್ಲ. ಹತ್ತನೇ ಕ್ಲಾಸಿನ ಮಕ್ಕಳನ್ನು ಮೇಷ್ಟ್ರುಗಳಿಗೆ 'ದತ್ತು' ಹಂಚುವ ಪದ್ಧತಿ ನಮ್ಮ ಕಡೆ ಇದೆಯಲ್ಲ, ಬೆಳಗಿನ ಜಾವ ಫೋನ್ ಮಾಡಿ ಎಬ್ಬಿಸೋದು, ಮನೆಗೆ ಹೋಗಿ ನೋಡೋದು, ಪಾಪ ಮೇಷ್ಟ್ರು ಕಷ್ಟಪಟ್ಟೇ ಮಾಡುತ್ತಾರೆ. ಆದರೆ ಪರೀಕ್ಷೆ ಮುಗಿದ ದಿನ ದತ್ತೂ ಮುಗಿಯಿತು. ಅದು ಫಲಿತಾಂಶಕ್ಕೆ ಮಾಡುವ ಕೆಲಸ. ಪಕ್ಕದ ಚಿತ್ರದುರ್ಗ 2023ರಲ್ಲಿ ಎಸ್ಸೆಸ್ಸೆಲ್ಸಿಯಲ್ಲಿ ರಾಜ್ಯಕ್ಕೇ ಮೊದಲು ಬಂದಿತ್ತು. 2024ರಲ್ಲಿ ಪರೀಕ್ಷಾ ಕೊಠಡಿಗೆ ಕ್ಯಾಮೆರಾ ಕಾವಲಿನ ವೆಬ್‌ಕಾಸ್ಟಿಂಗ್ ಬಂತು, ಆ ಸ್ಥಾನವೂ ಹೋಯಿತು, ಇಡೀ ರಾಜ್ಯದ ಫಲಿತಾಂಶವೇ ಕುಸಿಯಿತು. ಸ್ಥಾನದ ಲೆಕ್ಕ ಹಾಗೇ, ಏರುತ್ತೆ ಇಳಿಯುತ್ತೆ.

ಸ್ಕೂಲು ಬಿಡುವ ಮಕ್ಕಳು ಎಲ್ಲಿ ಬಿಡುತ್ತಾರೆ ನೋಡಿ. ನಮ್ಮ ಎಷ್ಟೋ ಸರ್ಕಾರಿ ಪ್ರಾಥಮಿಕ ಶಾಲೆಗಳು ಏಳನೇ ಕ್ಲಾಸಿಗೆ ಮುಗಿಯುತ್ತವೆ. ಎಂಟಕ್ಕೆ ಬೇರೆ ಶಾಲೆ, ಬೇರೆ ಮೇಷ್ಟ್ರು, ಹೊಸ ದಾರಿ. ಶಿಕ್ಷಣ ಹಕ್ಕು ಕಾಯ್ದೆ 2010ರಿಂದ ಜಾರಿಯಲ್ಲಿದೆ, ಆದರೆ ಅದರ ಕಡ್ಡಾಯ 14 ವರ್ಷದವರೆಗೆ ಮಾತ್ರ. ಈ ತಿರುವಿನಲ್ಲಿ ಆ ಹುಡುಗ ಅಥವಾ ಹುಡುಗಿಯನ್ನು ಹಳೇ ಶಾಲೆಯಿಂದ ಹೊಸ ಶಾಲೆಯವರೆಗೂ ಬಲ್ಲ ದೊಡ್ಡವರು, ಮನೆಯವರನ್ನು ಬಿಟ್ಟರೆ, ಯಾರೂ ಇರಲ್ಲ. ಮನೆಯವರಿಗೆ ಕಾಗದಪತ್ರ ಗೊತ್ತಾಗಲ್ಲ.

ಉದಾಹರಣೆಗೆ ಎನ್‌ಎಂಎಂಎಸ್ ಅನ್ನುವ ವಿದ್ಯಾರ್ಥಿವೇತನ ಪರೀಕ್ಷೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಎಂಟನೇ ಕ್ಲಾಸಿನಲ್ಲಿ ಬರೆಯುವ ಪರೀಕ್ಷೆ. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿಯುಸಿವರೆಗೆ ವರ್ಷಕ್ಕೆ 12,000 ರೂಪಾಯಿ, ಅಂದರೆ ಒಟ್ಟು 48,000. ಮನೆಯ ವರಮಾನ ವರ್ಷಕ್ಕೆ ಮೂರೂವರೆ ಲಕ್ಷದೊಳಗಿರಬೇಕು, ಹಮಾಲಿಯವರ ಮನೆ ಅದರೊಳಗೇ ಬರುತ್ತೆ. ಆದರೆ ಮಗುವಿಗೆ ಹೇಳುವವರು ಬೇಕು, ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ತರಿಸಬೇಕು, ಆಧಾರ್‌ನಲ್ಲಿ ಒಂದು ಹೆಸರು ಶಾಲೆ ದಾಖಲೆಯಲ್ಲಿ ಒಂದು ಹೆಸರು ಇದ್ದರೆ ಸರಿಪಡಿಸಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿದೆಯಾ ನೋಡಬೇಕು. ಒಂದು ದಿನದ ಕೂಲಿ ಬಿಟ್ಟು ಹೋದ ಅಪ್ಪನಿಗೆ 'ನಾಳೆ ಬಾ' ಅಂದರೆ ಅವರು ಮತ್ತೆ ಹೋಗಲ್ಲ. ಬ್ಯಾಂಕಿನಲ್ಲಿ ನೌಕರಿ ಮಾಡಿದ ನಮ್ಮಂಥವರಿಗೆ ಇದು ನೀರು ಕುಡಿದಷ್ಟು ಸುಲಭ.

ಒಂದು ಎಚ್ಚರಿಕೆ. ಅಮೆರಿಕದಲ್ಲಿ ಬಿಗ್ ಬ್ರದರ್ಸ್ ಬಿಗ್ ಸಿಸ್ಟರ್ಸ್ ಎಂಬ ಸಂಸ್ಥೆ ನೂರು ವರ್ಷಕ್ಕೂ ಜಾಸ್ತಿ ಕಾಲದಿಂದ ಹೀಗೆ ಒಬ್ಬ ದೊಡ್ಡವರು, ಒಂದು ಮಗುವಿನ ಜೋಡಿ ಮಾಡುತ್ತಾ ಬಂದಿದೆ. ಅಂಥ ಜೋಡಿಗಳ ಮೇಲೆ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಂದು ವರ್ಷ ದಾಟಿದ ಜೋಡಿಗಳ ಮಕ್ಕಳಿಗೆ ಹೆಚ್ಚು ಲಾಭ ಕಂಡಿತು. ಮೂರು ತಿಂಗಳೊಳಗೆ ನಿಂತುಹೋದ ಕಡೆ ಮಕ್ಕಳಿಗೆ ತಮ್ಮ ಮೇಲಿದ್ದ ನಂಬಿಕೆಯೇ ಮೊದಲಿಗಿಂತ ಕಡಿಮೆಯಾಗಿತ್ತು. ಹಾಗಾಗಿ ನಾಲ್ಕು ಶನಿವಾರ ಬಂದು ನಾಪತ್ತೆಯಾಗುವವರು ದಯವಿಟ್ಟು ಬರಲೇಬೇಡಿ. ಬ್ಯಾಗ್ ಕೊಡಿ, ಅದೇ ವಾಸಿ.

ನಮ್ಮೂರಿನಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಕೋರ್ಸು ನಾಲ್ಕು ವರ್ಷ. ಮೊದಲ ವರ್ಷಕ್ಕೆ ಬಂದ ವಿದ್ಯಾರ್ಥಿ ಏಳನೇ ಕ್ಲಾಸಿನ ಮಗುವಿಗೆ ಜತೆಯಾದರೆ, ಇವರ ಕೊನೇ ವರ್ಷಕ್ಕೆ ಸರಿಯಾಗಿ ಅದು ಹತ್ತನೇ ಕ್ಲಾಸು. ಲೆಕ್ಕ ಚೆನ್ನಾಗಿ ಕೂರುತ್ತೆ, ಅಲ್ವಾ? ಕೊನೇ ವರ್ಷದವರು ಮಾತ್ರ ಇದಕ್ಕೆ ಬೇಡ, ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕ ಕೂಡಲೇ ಬೆಂಗಳೂರು ಬಸ್ ಹತ್ತುತ್ತಾರೆ.

ಮಗುವನ್ನು ಶಾಲೆಯ ಆವರಣದಲ್ಲೋ ಗ್ರಂಥಾಲಯದಲ್ಲೋ ನಾಲ್ಕು ಜನರ ಕಣ್ಣಿಗೆ ಕಾಣುವ ಹಾಗೆ ಭೇಟಿಯಾಗಬೇಕು. ಒಬ್ಬರೇ ಎಲ್ಲಿಗೂ ಕರೆದುಕೊಂಡು ಹೋಗಬಾರದು. ಹೆಡ್‌ಮಾಸ್ಟರು, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ), ತಂದೆ-ತಾಯಿ ಎಲ್ಲರ ಒಪ್ಪಿಗೆ ಮೊದಲೇ ಇರಬೇಕು. ಮಗು ಮನೆಯಲ್ಲಿ ಹೊಡೆತವೋ ಮದುವೆಯ ಮಾತೋ ಅಂಥದ್ದೇನಾದರೂ ಹೇಳಿಕೊಂಡರೆ ನಾವೇ ಪಂಚಾಯ್ತಿ ಮಾಡಲು ಹೋಗದೆ ಮಕ್ಕಳ ಸಹಾಯವಾಣಿ 1098ಕ್ಕೆ ತಿಳಿಸಬೇಕು. ದುಡ್ಡು ಕೊಡಬಾರದು. ಕೊಟ್ಟರೆ ಆಮೇಲೆ ಆ ಮಗು ನಮಗೆ ಎದುರು ಮಾತಾಡಲ್ಲ, ಎದುರು ಮಾತಾಡದ ಮಗುವಿನ ಜತೆ ಕೂತು ಏನು ಪ್ರಯೋಜನ?

ಕೇಂದ್ರ ಸರ್ಕಾರದ ವಿದ್ಯಾಂಜಲಿ ಪೋರ್ಟಲ್‌ನಲ್ಲಿ ಸ್ವಯಂಸೇವಕರು ಹೆಸರು ಬರೆಸಿ ಶಾಲೆ ಹುಡುಕಿಕೊಳ್ಳಬಹುದು. ಆದರೆ ನಮ್ಮ ವಯಸ್ಸಿನವರು ಪೋರ್ಟಲ್ ನೋಡಿ ಬರಲ್ಲ, ಯಾರಾದರೂ ಕರೆದರೆ ಬರುತ್ತಾರೆ. ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗಳು ನಿವೃತ್ತರ ಸಂಘಗಳಿಗೆ ಒಂದೊಂದು ಪತ್ರ ಬರೆದು ಕರೆಯಲಿ, ಬಂದವರ ಪೂರ್ವಾಪರ ವಿಚಾರಿಸಲಿ, ಯಾವ ಮಗುವಿಗೆ ಯಾರು ಅಂತ ಒಂದು ರಿಜಿಸ್ಟರ್ ಇಡಲಿ. ನಿಮ್ಮ ಪತ್ರಿಕೆಗೂ ಒಂದು ವಿನಂತಿ. ಈ ಜೂನ್‌ನಲ್ಲಿ ಬ್ಯಾಗ್ ಹಂಚಿದವರ ಫೋಟೊ ಹಾಕುವಾಗ, ಹಿಂದಿನ ವರ್ಷ ಬ್ಯಾಗ್ ಪಡೆದ ಮಕ್ಕಳು ಈಗ ಯಾವ ಕ್ಲಾಸಿನಲ್ಲಿದ್ದಾರೆ ಅಂತ ಹಂಚಿದವರನ್ನೇ ಕೇಳಿ, ಉತ್ತರವನ್ನೂ ಹಾಕಿ.

– ನಿವೃತ್ತ ಬ್ಯಾಂಕ್ ನೌಕರ, ದಾವಣಗೆರೆ