ಅಂಗಮಾರಿ ಮತ್ತು ‘ಅರಖ್ತ್’: ಮಗಳಿಗೊಂದು ಪತ್ರ

ಚಿ. ಕಾವ್ಯಳಿಗೆ ಅಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಐರ್ಲೆಂಡಿನಲ್ಲಿ ನೀನಿರುವ ಕಡೆ, ಗಾಲ್ವೆಯಿಂದ ಪಶ್ಚಿಮಕ್ಕೆ ಬಸ್ಸು ಹಿಡಿದರೆ ಸ್ವಲ್ಪ ಹೊತ್ತಿನಲ್ಲೇ ಊರಿನ ಫಲಕಗಳಿಂದ ಇಂಗ್ಲಿಷ್ ಮಾಯವಾಗಿ ಐರಿಷ್ ಹೆಸರುಗಳಷ್ಟೇ ಉಳಿಯುತ್ತವೆ ಎಂದು ಕಳೆದ ತಿಂಗಳು ಫೋನಿನಲ್ಲಿ ಹೇಳಿದ್ದೆಯಲ್ಲ, ಅದೇ ಕಾನೆಮಾರಾ ಸೀಮೆಯ ಕಥೆಯಿರುವ ‘ಅರಖ್ತ್’ ಎಂಬ ಐರಿಷ್ ಭಾಷೆಯ ಚಿತ್ರವನ್ನು ಹೋದ ಭಾನುವಾರ ರಾತ್ರಿ ನೋಡಿದೆ. ಇಷ್ಟು ಕತ್ತಲೆಯ ಚಿತ್ರ ತನಗೆ ಬೇಡವೆಂದು ನಿನ್ನಮ್ಮ ಅರ್ಧಕ್ಕೇ ಎದ್ದು ಹೋದಳು. ನಾನು ಕೊನೆಯವರೆಗೂ ಕುಳಿತೆ. ಅದು ಆಲೂಗೆಡ್ಡೆ ಬೆಳೆಯುವವರ ಕಥೆಯಾಗಿತ್ತು.

ತೊಮಾಸ್ ಓ ಸೂಲವಾನ್ ನಿರ್ದೇಶನದ ಈ ಚಿತ್ರ 2019ರಲ್ಲಿ ಮೊದಲು ಪ್ರದರ್ಶನ ಕಂಡಿತು. ಕಥೆ ಆರಂಭವಾಗುವುದು 1845ರಲ್ಲಿ. ಕೊಲ್ಮಾನ್ ಶಾರ್ಕಿ ಎಂಬ ಮೀನುಗಾರ ಊರಿನ ಪಾದ್ರಿಯ ಮಾತಿಗೆ ಕಟ್ಟುಬಿದ್ದು, ಹಿಂದೆ ಸೈನಿಕನಾಗಿದ್ದ ಪ್ಯಾಟ್ಸಿ ಎಂಬ ಅಪರಿಚಿತನಿಗೆ ತನ್ನ ಮನೆಯಲ್ಲಿ ಜಾಗ ಕೊಡುತ್ತಾನೆ. ಹೊಲದಲ್ಲಿ ಗೆಡ್ಡೆ ಕೊಳೆಯತೊಡಗಿದಾಗ, ಗೇಣಿ ಏರಿಸಬೇಡಿರೆಂದು ಬೇಡಿಕೊಳ್ಳಲು ಕೊಲ್ಮಾನ್ ತನ್ನ ಸಹೋದರನನ್ನೂ ಪ್ಯಾಟ್ಸಿಯನ್ನೂ ಕರೆದುಕೊಂಡು ಇಂಗ್ಲಿಷ್ ಜಮೀನ್ದಾರನ ಮನೆಗೆ ಹೋಗುತ್ತಾನೆ. ಬೇಡಿಕೆ ಈಡೇರುವುದಿಲ್ಲ, ಆನಂತರ ಪ್ಯಾಟ್ಸಿ ಮಾಡುವ ಕೆಲಸ ಕೊಲ್ಮಾನನ ಬದುಕನ್ನೇ ಹಾಳುಮಾಡುತ್ತದೆ. ಮುಂದಿನದನ್ನು ನೀನೇ ನೋಡು. ಕೊಲ್ಮಾನನಾಗಿ ನಟಿಸಿದ ಡೋನಲ್ ಓ ಹೇಲಿ ಹಸಿದವನ ಮೈ ಕಾಣಲೆಂದು ನಿಜಕ್ಕೂ ದೇಹ ಇಳಿಸಿಕೊಂಡಿದ್ದಾನೆ.

ಗೆಡ್ಡೆ ಕೊಳೆಯುವ ಆ ಭಾಗ ಬಂದಾಗ ನನಗೆ ನಮ್ಮ ಕೆಳಗಿನ ಹೊಲದ ವಾಸನೆಯೇ ಮೂಗಿಗೆ ಬಡಿದಂತಾಯಿತು. ಐರ್ಲೆಂಡಿನ ಬೆಳೆಯನ್ನು ಕೊಂದು ಕ್ಷಾಮ ತಂದ ಫೈಟಾಫ್ತೊರಾ ಇನ್ಫೆಸ್ಟಾನ್ಸ್ ಎಂಬ ಸೂಕ್ಷ್ಮಜೀವಿ, ನಮ್ಮ ಹಾಸನದ ರೈತರು ಅಂಗಮಾರಿ ಎಂದು ಕರೆಯುವ ರೋಗದ ಮೂಲವೇ. ನೀನು ಏಳನೇ ತರಗತಿಯಲ್ಲಿದ್ದಾಗ ನಾಲ್ಕು ದಿನ ಬಿಡದೆ ಜಿಟಿಜಿಟಿ ಮಳೆ ಹಿಡಿದು, ಎಲೆಯಂಚಿನಲ್ಲಿ ಕಂಡ ಕಂದು ಕಲೆ ವಾರದೊಳಗೆ ಇಡೀ ಹೊಲವನ್ನು ಸುಟ್ಟಂತೆ ಮಾಡಿದ್ದು ನಿನಗೆ ನೆನಪಿರಬಹುದು. ಜಲಂಧರ್‌ನಿಂದ ಬಂದ ಬಿತ್ತನೆ ಗೆಡ್ಡೆಗೆ ಸುರಿದ ಹಣವೆಲ್ಲ ಹೋಯಿತು. ಆದರೂ ಆ ವರ್ಷ ನಾವು ಹಸಿದು ಮಲಗಲಿಲ್ಲ, ಏಕೆಂದರೆ ಮೇಲಿನ ಹೊಲದಲ್ಲಿ ರಾಗಿಯಿತ್ತು.

ಕಾನೆಮಾರಾದ ಬಡವನಿಗೆ ಹೊಟ್ಟೆಗಿದ್ದುದು ಆಲೂಗೆಡ್ಡೆಯೊಂದೇ. ದೇಶದಲ್ಲಿ ಬೆಳೆದ ಧಾನ್ಯ ಬಹುಪಾಲು ಗೇಣಿ ತೀರಿಸಲು ಮಾರಾಟವಾಗುತ್ತಿತ್ತು, ಜನ ಸಾಯುತ್ತಿದ್ದ ಕಾಲದಲ್ಲೂ ಬಂದರುಗಳಿಂದ ಹಡಗು ಹತ್ತುತ್ತಿತ್ತು. ಸುಮಾರು 10 ಲಕ್ಷ ಜನ ಸತ್ತರು, ಅದಕ್ಕೂ ಹೆಚ್ಚು ಜನ ದೇಶ ಬಿಟ್ಟರು. ಲಂಡನ್ನಿನ ಖಜಾನೆಯಲ್ಲಿ ಕುಳಿತು ಪರಿಹಾರದ ಹಣವನ್ನು ಬಿಗಿಹಿಡಿದಿದ್ದ ಚಾರ್ಲ್ಸ್ ಟ್ರೆವೆಲಿಯನ್ ಮುಂದೆ 1859ರಲ್ಲಿ ಮದರಾಸಿಗೆ ಗವರ್ನರ್ ಆಗಿ ಬಂದ ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇನೆ.

ಅರಖ್ತ್ ಎಂದರೆ ರಾಕ್ಷಸ. ಮನೆಗೆ ಬಂದವನೇ ಆ ರಾಕ್ಷಸನೆಂದು ಥ್ರಿಲ್ಲರಿನ ರೀತಿಯಲ್ಲಿ ಚಿತ್ರ ನಮ್ಮನ್ನು ಬೆದರಿಸುತ್ತದೆ, ನಾವೂ ಅವನ ಕೈ ಎಲ್ಲಿ ಚಲಿಸುತ್ತದೆಂದು ನೋಡುತ್ತ ಕೂರುತ್ತೇವೆ. ಆದರೆ ಕೊಲ್ಮಾನ್ ಹೆದರಿದ್ದು ಮೊದಲಿಗೆ ಗೇಣಿಯ ಲೆಕ್ಕಕ್ಕೆ. ಅದು ಊರನ್ನೇ ನುಂಗುತ್ತದೆಂದು ಅವನಿಗೆ ಮುಂಚೆಯೇ ಗೊತ್ತಿತ್ತು. ಕೈಯಲ್ಲಿ ರಕ್ತವಿರುವವನು ಕಣ್ಣಿಗೆ ಬೀಳುತ್ತಾನೆ, ಲೆಕ್ಕ ಬರೆದವನು ಬೀಳುವುದಿಲ್ಲ. ಚಿತ್ರದ ಕೊನೆಯ ಭಾಗ ಹಗೆ ತೀರಿಸುವ ಕಥೆಯ ಕಡೆಗೆ ಹೆಚ್ಚು ವಾಲಿ ಈ ಮಾತನ್ನು ಮಸುಕು ಮಾಡಿತೆಂಬುದು ನನ್ನ ತಕರಾರು.

ಅಲ್ಲಿನವರೇ ಹೆಚ್ಚಾಗಿ ಆಡದ ಭಾಷೆಯಲ್ಲಿ ಚಿತ್ರವೇಕೆ ಎಂದು ನೀನು ಕೇಳಿದ್ದೆ. ಆ ಕ್ಷಾಮ ಅತಿ ಹೆಚ್ಚು ಬಡಿದದ್ದು ಐರಿಷ್ ಆಡುತ್ತಿದ್ದ ಪಶ್ಚಿಮದ ಬಡವರನ್ನೇ. ಒಕ್ಕಲುಗಳ ಮಾತು ಐರಿಷ್, ಒಡೆಯನ ಮಾತು ಇಂಗ್ಲಿಷ್. ಅವರ ಸಾವಿನ ಕಥೆಯನ್ನು ಒಡೆಯನ ಭಾಷೆಯಲ್ಲಿ ಆಡಿಸಿದ್ದರೆ ಮೊದಲ ದೃಶ್ಯದಲ್ಲೇ ಸುಳ್ಳಾಗುತ್ತಿತ್ತು. 2022ರ ಜನಗಣತಿಯಲ್ಲಿ ಐರಿಷ್ ಬರುತ್ತದೆ ಎಂದವರು 18 ಲಕ್ಷಕ್ಕೂ ಹೆಚ್ಚು. ಶಾಲೆಯ ಹೊರಗೆ ದಿನವೂ ಆಡುವವರು ಮಾತ್ರ 71,968. ಇಂಥ ಭಾಷೆಯಲ್ಲಿ ಚಿತ್ರಗಳು ಬರಲೆಂದು ಟಿಜಿ4 ವಾಹಿನಿ ಮತ್ತಿತರ ಸಂಸ್ಥೆಗಳು ಸೇರಿ 2017ರಲ್ಲಿ ‘ಸಿನೆ4’ ಎಂಬ ಯೋಜನೆ ಆರಂಭಿಸಿದವು. ಆಸ್ಕರ್‌ಗೆ ನಾಮನಿರ್ದೇಶನಗೊಂಡ ‘ಅನ್ ಕಲೀನ್ ಕ್ಯೂನ್’ ಎಂಬ ಚಿತ್ರವೂ ‘ಅರಖ್ತ್’ನಂತೆ ಅದರಿಂದಲೇ ಬಂದದ್ದು. ಎರಡಕ್ಕೂ ಕ್ಯಾಮೆರಾ ಹಿಡಿದವರು ಕೇಟ್ ಮೆಕಲ್ಲಾ ಎಂಬ ಹೆಣ್ಣುಮಗಳು.

ಚಿತ್ರ ನೋಡಿದ ಮೇಲೆ ಆ ಬಸ್ಸು ಹಿಡಿದು ಮತ್ತೊಮ್ಮೆ ಹೋಗಿ ಬಾ. ಅಲ್ಲಿ ಈಗಲೂ ಆಲೂಗೆಡ್ಡೆ ಹಾಕುತ್ತಾರೆಯೇ, ಅಂಗಮಾರಿಗೆ ಏನು ಹೊಡೆಯುತ್ತಾರೆ ಎಂದು ಯಾರನ್ನಾದರೂ ಕೇಳಿ ಬರೆ. ಇಲ್ಲಿ ಎರಡು ದಿನದಿಂದ ಮೋಡ ಬಿಟ್ಟಿಲ್ಲ. ನಾಳೆ ಬೆಳಿಗ್ಗೆ ಮಳೆ ಬಿಡುವು ಕೊಟ್ಟರೆ ಮ್ಯಾಂಕೋಜೆಬ್ ಹೊಡೆಸಬೇಕು.

ಇಂತಿ,
ನಿನ್ನ ಅಪ್ಪ